ವೃದ್ಧರ ಮೇಲಿನ ದೌರ್ಜನ್ಯಕ್ಕೆ ದೂರು ಎಲ್ಲಿ? 14567, 1090, 112 ಮತ್ತು ಎಸಿ ಕೋರ್ಟಿನ ವಿಮರ್ಶೆ

ಹಿರಿಯರ ಸಹಾಯವಾಣಿ 14567 ಒಳ್ಳೆಯ ಸೇವೆ. ಆದರೆ ಬೆಳಿಗ್ಗೆ ಎಂಟಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ಮನೆಯೊಳಗಿನ ಹೊಡೆತಕ್ಕೆ ಅಂಥ ಸಮಯಪಾಲನೆ ಇಲ್ಲವಲ್ಲ, ಅದೇ ಇದರ ಮೊದಲ ಕೊರತೆ. ಎರಡನೇ ಕೊರತೆ ಸೇವೆಯದ್ದಲ್ಲ, ಫೋನ್ ಮಾಡುವವರದ್ದು. ಹತ್ತು ನಿಮಿಷ ಮಗನನ್ನೋ ಸೊಸೆಯನ್ನೋ ಬೈದು, ವಿಳಾಸ ಕೇಳಿದ ಕೂಡಲೇ ‘ಅಯ್ಯೋ, ನಮಗ್ಯಾಕೆ ಊರ ಉಸಾಬರಿ’ ಎಂದು ಫೋನ್ ಇಟ್ಟುಬಿಟ್ಟರೆ ಯಾವ ಸಹಾಯವಾಣಿಯೂ ಏನೂ ಮಾಡಲಾರದು.

ಕರ್ನಾಟಕದಲ್ಲಿ ವಯಸ್ಸಾದವರಿಗೆ ತೊಂದರೆಯಾಗುತ್ತಿದೆ ಎಂಬ ಅನುಮಾನ ಬಂದರೆ ತಟ್ಟಬಹುದಾದ ಬಾಗಿಲು ಮುಖ್ಯವಾಗಿ ನಾಲ್ಕು: ಎಲ್ಡರ್‌ಲೈನ್ 14567, ಪೊಲೀಸರ ಜೊತೆಗೂಡಿ ನಡೆಯುವ ಹಿರಿಯರ ಸಹಾಯವಾಣಿ 1090, ತುರ್ತು ಸಂಖ್ಯೆ 112, ಮತ್ತು ಉಪವಿಭಾಗಾಧಿಕಾರಿಯ ಕಚೇರಿ, ಅಂದರೆ ಜನ ಎಸಿ ಕೋರ್ಟು ಅನ್ನುವ ಜಾಗ. ಒಂದೊಂದು ಬಾಗಿಲಿಗೂ ಬೇರೆ ಕೆಲಸ. ದಾನಪತ್ರದ ತಕರಾರು ಹಿಡಿದು 112ಕ್ಕೆ ಫೋನ್ ಮಾಡುವುದು, ಕೈ ಮುರಿದವರ ವಿಷಯಕ್ಕೆ ಎಸಿ ಕಚೇರಿಗೆ ಅರ್ಜಿ ಬರೆದು ಕೂರುವುದು ಎರಡೂ ದಿನ ಕಳೆಯುವ ಕೆಲಸಗಳೇ.

ಮೊದಲು 14567. ಹೈದರಾಬಾದಿನಲ್ಲಿ ಟಾಟಾ ಟ್ರಸ್ಟ್ಸ್ ಮತ್ತು ವಿಜಯವಾಹಿನಿ ಚಾರಿಟಬಲ್ ಫೌಂಡೇಶನ್ ಆರಂಭಿಸಿದ ಪ್ರಯೋಗವನ್ನು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಕೈಗೆತ್ತಿಕೊಂಡು 2021ರಲ್ಲಿ ದೇಶದ ತುಂಬ ಹರಡಿತು. ಕರೆಗೆ ದುಡ್ಡಿಲ್ಲ. ಮಾಹಿತಿ, ಕಾನೂನಿನ ದಾರಿ, ಮನಸ್ಸಿಗೆ ಸಮಾಧಾನ, ಅಗತ್ಯ ಬಿದ್ದರೆ ಸ್ಥಳಕ್ಕೆ ಹೋಗಿ ನೋಡುವುದು ಅದರ ಕೆಲಸ. ಬೀದಿಯಲ್ಲಿ ಬಿಟ್ಟುಹೋದ ವೃದ್ಧರನ್ನು ಆಶ್ರಯಕ್ಕೆ ಸೇರಿಸುವುದು, ಮನೆಯವರನ್ನು ಕೂರಿಸಿ ಮಾತಾಡುವುದು ಇದರಲ್ಲಿ ಬರುತ್ತದೆ. ಬಾರದಿರುವುದು ಬಲಪ್ರಯೋಗ. ಅವರು ಬೀಗ ಒಡೆಯಲಾರರು, ಯಾರನ್ನೂ ಬಂಧಿಸಲಾರರು, ಮನೆಯವರು ಬಾಗಿಲು ತೆರೆಯದಿದ್ದರೆ ಪೊಲೀಸರನ್ನೇ ಕರೆಯಬೇಕು. ಇಷ್ಟು ತಿಳಿದು ಕರೆ ಮಾಡಿದರೆ ನಿರಾಸೆಯಾಗದು.

ಕರೆ ಕೆಲಸಕ್ಕೆ ಬರುವುದು ಹೇಳುವ ರೀತಿಯ ಮೇಲೆ. ‘ಅಜ್ಜಿಗೆ ತುಂಬಾ ಹಿಂಸೆ ಕೊಡ್ತಾರೆ, ಊಟ ಹಾಕಲ್ಲ’ ಎಂಬ ಮಾತನ್ನು ದಾಖಲಿಸಿಕೊಳ್ಳಬಹುದು, ಅದರ ಮೇಲೆ ಹೊರಡುವುದು ಕಷ್ಟ. ಅದನ್ನೇ ಹೀಗೆ ಹೇಳಿ: ‘ಸೋಮವಾರದಿಂದ ಮೂರು ದಿನ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಹೊರಗಿನಿಂದ ಬೀಗ ಇತ್ತು. ನಿನ್ನೆ ಮಧ್ಯಾಹ್ನ ಕಿಟಕಿಯಿಂದ ನೀರು ಕೇಳಿದರು. ಎರಡೂ ಕಾಲು ಊದಿವೆ. ವಯಸ್ಸು ಎಂಬತ್ತರ ಆಸುಪಾಸು, ಕಿವಿ ಮಂದ, ಮಾತು ಸರಿಯಿದೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ.’ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳಿ, ಊಹೆಯನ್ನು ಬಿಡಿ. ಜಿಲ್ಲೆ, ತಾಲ್ಲೂಕು, ಮನೆ ಸಂಖ್ಯೆ, ಹತ್ತಿರದ ಗುರುತು, ಯಾವ ಠಾಣೆಯ ಸರಹದ್ದು, ಹಿರಿಯರು ಯಾವ ಹೊತ್ತಿಗೆ ಒಬ್ಬರೇ ಇರುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ನಂಬರ್ ಒತ್ತಿ. ಕೊನೆಗೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಎರಡನೇ ಸಲ ಕರೆ ಮಾಡಿದಾಗ ಆ ಸಂಖ್ಯೆ ಇಲ್ಲದಿದ್ದರೆ ಕಥೆ ಮತ್ತೆ ಮೊದಲಿನಿಂದ ಶುರು.

ಹೆಸರು ಗುಟ್ಟಾಗಿಡಲು ಕೇಳಬಹುದು, ಅದರಲ್ಲಿ ತಪ್ಪಿಲ್ಲ. ಫೋನ್ ನಂಬರ್ ಮಾತ್ರ ಕೊಡಿ. ಸ್ಥಳಕ್ಕೆ ಹೋದವರಿಗೆ ಮನೆ ಸಿಗದೆ ವಾಪಸ್ಸಾದರೆ ಮತ್ತೆ ಕೇಳಲು ಯಾರೂ ಇಲ್ಲದಂತಾಗುತ್ತದೆ.

ಅನುಮಾನ ಸರಿಯೇ ಎಂಬುದು ಇನ್ನೊಂದು ತೊಡಕು. ವಯಸ್ಸಾದವರ ಚರ್ಮ ತೆಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಮುಂಗೈ ಮೇಲೆ, ಮೊಣಕಾಲಿನ ಕೆಳಗೆ ಸಣ್ಣ ತಾಗುವಿಕೆಗೂ ಕಪ್ಪು ಕಲೆ ಬರುತ್ತದೆ. ಅಷ್ಟಕ್ಕೇ ಹೊಡೆದಿದ್ದಾರೆ ಅನ್ನಲಾಗದು. ತೋಳಿನ ಒಳಬದಿ, ಕತ್ತು, ಕೆನ್ನೆ, ಬೆನ್ನು ಇಲ್ಲಿನ ಕಲೆಗಳು ಬೇರೆ ಮಾತು. ತೋಳಿನ ಎರಡೂ ಬದಿಗೆ ಬೆರಳಿನ ಅಚ್ಚಿನಂಥ ಗುರುತು, ಮಣಿಕಟ್ಟಿನ ಸುತ್ತ ಗೆರೆ ಕಂಡರೆ ಗಟ್ಟಿಯಾಗಿ ಹಿಡಿದದ್ದೋ ಕಟ್ಟಿದ್ದೋ ಇರಬಹುದು. ಹಾಸಿಗೆ ಹಿಡಿದವರ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗಿದ್ದರೆ ಮಗ್ಗುಲು ಬದಲಿಸುತ್ತಿಲ್ಲ ಎಂಬ ಗುಮಾನಿಗೆ ಜಾಗವಿದೆ. ಆದರೂ ಚೆನ್ನಾಗಿ ನೋಡಿಕೊಳ್ಳುವ ಮನೆಯಲ್ಲೂ ಹುಣ್ಣಾಗುತ್ತದೆ, ಆದ್ದರಿಂದ ವಾಸನೆ, ಒದ್ದೆ ಬಟ್ಟೆ, ಡಾಕ್ಟರಿಗೆ ತೋರಿಸಿದ್ದಾರೋ ಇಲ್ಲವೋ ಎಂಬುದನ್ನು ಸೇರಿಸಿ ನೋಡಬೇಕು. ನಿರ್ಲಕ್ಷ್ಯಕ್ಕೆ ಬಹಳ ಸುಲಭದ ಸಾಕ್ಷಿ ಮಾತ್ರೆ ಪಟ್ಟಿ. ದಿನಕ್ಕೊಂದು ಬಿಪಿ ಮಾತ್ರೆ, ಹತ್ತರ ಪಟ್ಟಿ, ಒಂದನೇ ತಾರೀಖು ತಂದದ್ದು. ಇಪ್ಪತ್ತನೇ ತಾರೀಖು ಅದೇ ಪಟ್ಟಿಯಲ್ಲಿ ಇನ್ನೂ ಏಳು ಗುಳಿಗೆ ಉಳಿದಿದ್ದರೆ ಲೆಕ್ಕ ಅಲ್ಲೇ ಇದೆ.

ದುಡ್ಡಿನ ಶೋಷಣೆ ಮೈಮೇಲೆ ಕಾಣುವುದಿಲ್ಲ. ಪಿಂಚಣಿ ಬಂದ ದಿನವೇ ಎಟಿಎಂನಲ್ಲಿ ಪೂರ್ತಿ ಖಾಲಿಯಾಗುವುದು, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಬೇರೆಯವರದ್ದಾಗಿರುವುದು, ‘ಅದೇನೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು’ ಎಂಬ ಮಾತು ಇದರ ಸುಳಿವುಗಳು. ಹಿರಿಯರು ಒಪ್ಪಿದರೆ ಅವರನ್ನೇ ಬ್ಯಾಂಕಿಗೆ ಕರೆದೊಯ್ದು ಕಾರ್ಡು ನಿಲ್ಲಿಸಿ ನಂಬರ್ ಬದಲಿಸುವುದು ಅರ್ಧ ದಿನದ ಕೆಲಸ. ಯಾವ ಸಹಾಯವಾಣಿಗಿಂತಲೂ ಬೇಗ ಫಲ ಕೊಡುತ್ತದೆ. ಆಸ್ತಿಯ ಅನುಮಾನವಿದ್ದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ದಾನಪತ್ರ, ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿದ್ದರೆ ಅದರಲ್ಲಿ ಬರುತ್ತದೆ.

ಎಲ್ಲ ದೂರುಗಳೂ ಹೆಚ್ಚಾಗಿ ಎಡವುವ ಕಲ್ಲು ಒಂದೇ. ಅಧಿಕಾರಿ ಬಂದು ‘ಏನಮ್ಮಾ, ಹೊಡೀತಾರಾ?’ ಎಂದು ಮಗನ ಎದುರಿಗೇ ಕೇಳುತ್ತಾರೆ. ‘ಇಲ್ಲಪ್ಪಾ, ಬಚ್ಚಲಲ್ಲಿ ಜಾರಿದೆ’ ಎನ್ನುತ್ತಾರೆ ಆಕೆ. ಕಡತ ಮುಗಿಯಿತು. ಅವರು ಹೋದ ಮೇಲೆ ಮನೆಯಲ್ಲಿ ಉಳಿಯುವವರು ಯಾರು ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಹಾಗಾಗಿ ದೂರು ಕೊಡುವಾಗಲೇ ‘ಒಬ್ಬರೇ ಇದ್ದಾಗ ಮಾತಾಡಿಸಿ’ ಎಂದು ಬರೆಸಿ. ದೇವಸ್ಥಾನ, ರೇಷನ್ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಹೀಗೆ ಅವರು ಮನೆಯಿಂದ ಹೊರಗೆ ಸಿಗುವ ಜಾಗ ಇದ್ದರೆ ತಿಳಿಸಿ. ದೂರು ಕೊಟ್ಟದ್ದು ಮನೆಯವರ ಕಿವಿಗೆ ಮುಂಚೆಯೇ ಬೀಳದಿರಲಿ. ಬಿದ್ದರೆ ಅಜ್ಜಿಯನ್ನು ರಾತ್ರೋರಾತ್ರಿ ಬೇರೆ ಊರಿನ ಮಗಳ ಮನೆಗೆ ಸಾಗಿಸಿರುತ್ತಾರೆ.

ಬೆಂಗಳೂರಿನವರಿಗೆ 1090 ಹೆಚ್ಚು ಕೈಗೆಟುಕುವ ಬಾಗಿಲು. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಕೂಡಿ 2002ರಲ್ಲಿ ಆರಂಭಿಸಿದ ಸೇವೆ. ಪೊಲೀಸರ ಆಶ್ರಯದಲ್ಲಿ ಆಪ್ತಸಮಾಲೋಚಕರು ಕೂರುತ್ತಾರೆ ಎಂಬುದೇ ಇದರ ಶಕ್ತಿ. ಮಾತುಕತೆಗೆ ಬನ್ನಿ ಎಂದರೆ ಬಾರದ ಮಗ, ಆ ಮಾತಿನ ಹಿಂದೆ ಪೊಲೀಸರಿದ್ದಾರೆ ಎಂದರೆ ಬರುತ್ತಾನೆ. ಕೋರ್ಟಿಗೆ ಹೋಗಲು ಮನಸ್ಸಿಲ್ಲದ, ‘ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಸಾಕು’ ಎನ್ನುವ ತಂದೆತಾಯಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಿತಿಯೂ ಅಲ್ಲೇ ಇದೆ: ರಾಜಿಯಲ್ಲಿ ಒಪ್ಪಿದ್ದನ್ನು ಮಗ ಮುರಿದರೆ ಜಾರಿ ಮಾಡಿಸುವ ಅಧಿಕಾರ ಸಮಾಲೋಚಕರಿಗಿಲ್ಲ. ಒಂದು ಎಚ್ಚರಿಕೆ, ಉತ್ತರ ಪ್ರದೇಶದಲ್ಲಿ ಇದೇ 1090 ಮಹಿಳೆಯರ ಸಹಾಯವಾಣಿ. ಲಖನೌನಲ್ಲಿ ಕೆಲಸ ಮಾಡುವ ಮಗಳು ಅಲ್ಲಿಂದ ಒತ್ತಿದರೆ ಬೆಂಗಳೂರಿನ ಹಿರಿಯರ ಸೇವೆ ಸಿಕ್ಕೀತೆಂಬ ಭರವಸೆ ಬೇಡ. ಇದಲ್ಲದೆ ಹೆಲ್ಪ್‌ಏಜ್ ಇಂಡಿಯಾದ ಉಚಿತ ಸಂಖ್ಯೆ 1800-180-1253 ಕೂಡ ಇದೆ.

ಈಗಲೇ ಹೊಡೆಯುತ್ತಿದ್ದರೆ, ಒಳಗೆ ಕೂಡಿಹಾಕಿದ್ದರೆ, ಬೀದಿಗೆ ತಳ್ಳಿದ್ದರೆ ಬೇರೆ ಯೋಚನೆ ಬೇಡ, 112. ಗಾಯವಾಗಿದ್ದರೆ 108 ಕೂಡ. ಬೆಂಗಳೂರಿನಲ್ಲಾದರೆ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ, ಆ ಕ್ಷಣದ ಹೊಡೆತ ನಿಲ್ಲುತ್ತದೆ. ಕಷ್ಟ ಶುರುವಾಗುವುದು ಗಾಡಿ ಹೋದ ಮೇಲೆ. ಬರೀ 112ರ ಕರೆಯಿಂದ ಎಫ್‌ಐಆರ್ ತನ್ನಿಂದ ತಾನೇ ಆಗುವುದಿಲ್ಲ, ಠಾಣೆಗೆ ಹೋಗಿ ಲಿಖಿತ ದೂರು ಕೊಡಬೇಕು. ಅಲ್ಲಿ ಎನ್‌ಸಿಆರ್ (ಅಸಂಜ್ಞೇಯ ದೂರಿನ ಸ್ವೀಕೃತಿ) ಬರೆದುಕೊಟ್ಟು ಕಳಿಸಿದರೆ ಪೊಲೀಸರು ಆರೋಪಿಯ ಪರ ಎಂದೇ ಅರ್ಥವಲ್ಲ. ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನ ಸಾಧಾರಣ ಗಾಯ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮೂಳೆ ಮುರಿದಿದ್ದರೆ ಅದು ತೀವ್ರ ಗಾಯ, ಕೋಣೆಯಲ್ಲಿ ಕೂಡಿಹಾಕಿದ್ದರೆ 127ನೇ ಕಲಂ, ಇವೆರಡೂ ಸಂಜ್ಞೇಯ, ಅಂದರೆ ಅಂಥ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದು. ಆದ್ದರಿಂದ ದೂರಿನಲ್ಲಿ ‘ಹಿಂಸೆ’ ಎಂಬ ಒಂದೇ ಪದ ಬರೆದು ಬಿಡಬೇಡಿ. ಬೀಗ ಹಾಕಿದ್ದು, ಎಷ್ಟು ಗಂಟೆ, ಯಾವ ಮೂಳೆ ಎಂದು ಬರೆಯಿರಿ. ಗಾಯಕ್ಕೆ ಆಸ್ಪತ್ರೆಯಲ್ಲಿ ಪೊಲೀಸ್ ಪ್ರಕರಣಕ್ಕಾಗುವ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಡಾಕ್ಟರ ಮುಂದೆ ‘ಬಿದ್ದೆ’ ಎಂದು ಹೇಳಿಸಿ ಆಮೇಲೆ ‘ಹೊಡೆದರು’ ಎಂದರೆ ಮೊದಲ ಮಾತೇ ದಾಖಲೆಯಲ್ಲಿ ಉಳಿಯುತ್ತದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಸರಹದ್ದಿನ ನೆಪ ಹೇಳುವಂತಿಲ್ಲ. ಇಮೇಲಿನಂಥ ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಸಹಿಗೆ ಹೋಗದೆ ಬಿಟ್ಟರೆ ಕಳಿಸಿದ್ದು ದಾಖಲಾಗದು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ, ಬೆಂಗಳೂರಿನಲ್ಲಿ ಡಿಸಿಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ ರಾಜಿ ಮಾಡಿಸುವುದೂ ಉಂಟು. ಅದು ವ್ಯರ್ಥವೆಂದಲ್ಲ, ಮುಂದಿನ ಸಲಕ್ಕೆ ಸಾಕ್ಷಿ. ಪ್ರತಿ ಕೇಳಿ ತೆಗೆದುಕೊಳ್ಳದೆ ಎದ್ದು ಬಂದರೆ ಮಾತ್ರ ವ್ಯರ್ಥ.

ಇನ್ನು ಎಸಿ ಕೋರ್ಟು. ನಿಜವಾದ ಹಲ್ಲಿರುವುದು ಇಲ್ಲಿ, ನಿಧಾನವೂ ಇಲ್ಲೇ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿ, ಮೇಲ್ಮನವಿ ಜಿಲ್ಲಾಧಿಕಾರಿಗೆ, 60 ದಿನದೊಳಗೆ. ಮಗ, ಮಗಳು, ವಯಸ್ಕ ಮೊಮ್ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿ ಹಿಡಿದಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರಿಂದ ಕೇಳಬಹುದು. ಸೊಸೆ ಅಳಿಯ ಈ ಕಾಯ್ದೆಯ ‘ಮಕ್ಕಳು’ ಎಂಬ ಪದದಲ್ಲಿ ಬರುವುದಿಲ್ಲ. ಸೊಸೆಯೊಬ್ಬಳನ್ನೇ ಎದುರುದಾರಳಾಗಿ ಮಾಡಿದ ಜೀವನಾಂಶದ ಅರ್ಜಿ ಮುಗ್ಗರಿಸುವುದು ಇದೇ ಕಾರಣಕ್ಕೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಎಂಬ ಮಿತಿ 2007ರದ್ದು. ಇವತ್ತಿನ ಔಷಧಿ ಬೆಲೆಗೆ ಅದು ಸಾಲದು ಎಂಬುದರಲ್ಲಿ ಎರಡು ಮಾತಿಲ್ಲ. ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಂದು ಸಲ ಮಾತ್ರ ಇನ್ನೂ 30 ದಿನ. ಗಮನಿಸಿ, ಲೆಕ್ಕ ಅರ್ಜಿ ಕೊಟ್ಟ ದಿನದಿಂದಲ್ಲ, ನೋಟಿಸ್ ತಲುಪಿದ ದಿನದಿಂದ. ಎದುರು ಪಕ್ಷದವರು ನೋಟಿಸ್ ತಪ್ಪಿಸಿಕೊಂಡು ತಿರುಗಿದರೆ ಆ 90 ದಿನ ಶುರುವೇ ಆಗಿರುವುದಿಲ್ಲ. ಮಗನ ಮನೆ ವಿಳಾಸದ ಜೊತೆ ಕಚೇರಿಯ ವಿಳಾಸ, ವಾಟ್ಸಾಪ್ ನಂಬರ್ ಎರಡನ್ನೂ ಅರ್ಜಿಯಲ್ಲೇ ಬರೆದುಕೊಡಿ. ಮಧ್ಯಂತರ ಜೀವನಾಂಶಕ್ಕೆ ಅವಕಾಶವಿದೆ, ಆದರೆ ಕೇಳಬೇಕು.

ನೆರೆಯವರು ಅರ್ಜಿ ಹಾಕಬಹುದೇ? ಐದನೇ ಕಲಮಿನಲ್ಲಿ ಮೂರು ದಾರಿ ಇದೆ. ಹಿರಿಯರೇ ಹಾಕಬಹುದು, ಅವರಿಂದಾಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಹಾಕಬಹುದು, ಇಲ್ಲವೇ ನ್ಯಾಯಮಂಡಳಿ ತಾನೇ ಪ್ರಕರಣ ಎತ್ತಿಕೊಳ್ಳಬಹುದು. ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಸಹಿ ಹಾಕುವ ಸ್ಥಿತಿಯಲ್ಲಿ ಹಿರಿಯರು ಇಲ್ಲದಿದ್ದರೆ, ಕಂಡದ್ದನ್ನು ಬರೆದು ‘ಕಲಂ 5ರಡಿ ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳಬೇಕು’ ಎಂದು ಎಸಿಯವರಿಗೆ ಮನವಿ ಕೊಟ್ಟು, ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡ ಪ್ರತಿ ತನ್ನಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. 17ನೇ ಕಲಂ ವಕೀಲರು ಹಾಜರಾಗುವುದನ್ನೇ ತಡೆಯುತ್ತದೆ, ಕೇರಳ ಮತ್ತು ದೆಹಲಿ ಹೈಕೋರ್ಟುಗಳು ಅದನ್ನು ಒಪ್ಪಲಿಲ್ಲ ಎಂಬುದು ಬೇರೆ. ಅರ್ಜಿ ಬರೆಯಲು ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಂಖ್ಯೆ 15100.

ಜನ ಇಲ್ಲಿಗೆ ಬರುವುದು ಬಹುಪಾಲು 23ನೇ ಕಲಮಿಗಾಗಿ. ‘ನೋಡಿಕೊಳ್ಳುತ್ತೇನೆಂದು ಮನೆ ಬರೆಸಿಕೊಂಡ, ಈಗ ಹೊರಗೆ ಹಾಕಿದ’ ಎಂಬ ದೂರಿಗೆ ದಾನಪತ್ರ ರದ್ದುಮಾಡುವ ಅಧಿಕಾರ ಅದರಲ್ಲಿದೆ, ಆದರೆ ಆ ಪತ್ರ ಈ ಕಾಯ್ದೆ ಜಾರಿಗೆ ಬಂದ ಮೇಲಿನದ್ದಾಗಿರಬೇಕು. ಕೊಕ್ಕೆ ಇರುವುದು ಷರತ್ತಿನಲ್ಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟದ್ದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು, ಮನೆಯ ಸ್ವಾಧೀನ ವಾಪಸ್ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು ತಂದು ಮೊದಲು ಓದಿ. ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾಮೂಲಿ ಸಾಲು ಮಾತ್ರ ಇದ್ದರೆ ವಾದ ಕಠಿಣ. ಆಗ ವಾಟ್ಸಾಪ್ ಸಂದೇಶ, ಪಂಚಾಯ್ತಿಯ ಕಾಗದ, ಸಾಕ್ಷಿಗಳು ಬೇಕು. ಇನ್ನೂ ಬರೆದುಕೊಡದವರು ಪತ್ರ ಬರಹಗಾರರಿಗೆ ಹೇಳಿ ಒಂದು ಸಾಲು ಸೇರಿಸಿಕೊಳ್ಳಲಿ: ‘ದಾನ ಪಡೆದವರು ದಾನಿಯ ಊಟ, ವಸತಿ, ಔಷಧೋಪಚಾರವನ್ನು ಜೀವಿತಾವಧಿ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು.’ ಸ್ಟಾಂಪ್ ಪೇಪರಿನಲ್ಲಿ ಎರಡು ಸಾಲಿನ ಜಾಗ ಸಾಕು.

ಸೊಸೆಯನ್ನು ಮನೆಯಿಂದ ಹೊರಹಾಕಿಸಲು ಈ ಕಾಯ್ದೆಯನ್ನು ಅಸ್ತ್ರ ಮಾಡಿಕೊಳ್ಳುವವರೂ ಇದ್ದಾರೆ. ಬೆಂಗಳೂರಿನ ಮನೆಯೊಂದರ ಪ್ರಕರಣದಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು: ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಈ ಅವಸರದ ವಿಚಾರಣೆಯಲ್ಲಿ ಅಳಿಸಿಹಾಕಲಾಗದು. ತೊಂದರೆ ಅನುಭವಿಸುತ್ತಿರುವ ಹಿರಿಯರು ಹೆಂಗಸಾಗಿದ್ದರೆ 2005ರ ಅದೇ ಕಾಯ್ದೆ ಅವರಿಗೂ ಇದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋದರೆ ಆ ಕಾಯ್ದೆಯ ದೂರು ನೋಡುವ ಸಂರಕ್ಷಣಾಧಿಕಾರಿ ಅಲ್ಲೇ ಸಿಗುತ್ತಾರೆ.

ಮರೆವಿನ ಕಾಯಿಲೆ ಇದ್ದವರ ದೂರಿಗೆ ಬೇರೆಯದೇ ದಾರಿ ಇದೆ. ಅವರ ಹೇಳಿಕೆಗೆ ಬೆಲೆ ಸಿಗುವುದಿಲ್ಲ, ‘ಅಮ್ಮನಿಗೆ ಅರಳುಮರಳು, ಏನೇನೋ ಹೇಳ್ತಾಳೆ’ ಎಂದರೆ ಬಂದವರು ತಲೆಯಾಡಿಸಿ ಹೊರಡುತ್ತಾರೆ. ಮಾನಸಿಕ ಆರೋಗ್ಯ ಸೇವಾ ಕಾಯ್ದೆ 2017ರ ವ್ಯಾಖ್ಯೆಯಲ್ಲಿ ನೆನಪಿನ, ಹೊತ್ತು ಜಾಗದ ಅರಿವಿನ ಗಂಭೀರ ಏರುಪೇರೂ ಸೇರಿದೆ. 101ನೇ ಕಲಂ ಪ್ರಕಾರ ಅಂಥವರನ್ನು ಮನೆಯಲ್ಲಿ ಹಿಂಸಿಸುತ್ತಿದ್ದಾರೆ ಇಲ್ಲವೇ ನಿರ್ಲಕ್ಷಿಸುತ್ತಿದ್ದಾರೆ ಎಂದು ಯಾರು ಬೇಕಾದರೂ ಠಾಣೆಗೆ ತಿಳಿಸಬಹುದು. ನಂಬಲು ಕಾರಣವಿದ್ದರೆ ಠಾಣಾಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ದೂರಿನಲ್ಲಿ ಈ ಕಲಮನ್ನು ಹೆಸರಿಸಿ ಬರೆಯಿರಿ, ಹಳೆಯ ಔಷಧಿ ಚೀಟಿಯ ಫೋಟೊ ಸಿಕ್ಕರೆ ಲಗತ್ತಿಸಿ.

ಸಂಬಳಕ್ಕೆ ಬಂದ ಆರೈಕೆಯವರು ಕೈಕೊಟ್ಟರೆ, ಅಂದರೆ ಅಸಹಾಯಕರನ್ನು ನೋಡಿಕೊಳ್ಳುವ ಕರಾರಿಗೆ ಒಪ್ಪಿ ಬೇಕೆಂದೇ ಬಿಟ್ಟರೆ, ನ್ಯಾಯ ಸಂಹಿತೆಯ 357ನೇ ಕಲಮಿನಲ್ಲಿ 3 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಏಜೆನ್ಸಿಯಿಂದ ಬಂದವರಾದರೆ ಬರಹದ ಕರಾರು ಮತ್ತು ಆಧಾರ್ ಪ್ರತಿ ಇಟ್ಟುಕೊಳ್ಳದವರಿಗೆ ಈ ಕಲಂ ಇದ್ದೂ ಇಲ್ಲದಂತೆ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲೋ ತೊರೆದು ಹೋದರೆ 2007ರ ಕಾಯ್ದೆಯ 24ನೇ ಕಲಂ. ಶಿಕ್ಷೆ 357ನೇ ಕಲಮಿನಷ್ಟೇ, ಆದರೆ ಇದು ಸಂಜ್ಞೇಯ.

ವಿದೇಶದಲ್ಲಿರುವ ಮಕ್ಕಳಿಗೆ ಈ ಕಿರುಸಂಖ್ಯೆಗಳು ಸಾಮಾನ್ಯವಾಗಿ ತಾಗುವುದಿಲ್ಲ. ಊರಿನಲ್ಲಿ ನಂಬಿಕಸ್ಥರೊಬ್ಬರಿಗೆ ಅಪ್ಪ ಅಮ್ಮನ ಸಹಿಯಿರುವ ಅಧಿಕಾರ ಪತ್ರ ಮೊದಲೇ ಕೊಡಿಸಿಟ್ಟರೆ ಐದನೇ ಕಲಮಿನ ಎರಡನೇ ದಾರಿ ತೆರೆದಿರುತ್ತದೆ. ಒಂದು ಹಾಳೆ ಸಾಕು: ಹಿರಿಯರ ಹೆಸರು ವಯಸ್ಸು, ‘ನನ್ನ ಪರವಾಗಿ ಪೋಷಣಾ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಲು ಇವರಿಗೆ ಅಧಿಕಾರ ಕೊಟ್ಟಿದ್ದೇನೆ’ ಎಂಬ ವಾಕ್ಯ, ಇಬ್ಬರು ಸಾಕ್ಷಿಗಳ ಸಹಿ, ದಿನಾಂಕ. ಹೆಬ್ಬೆಟ್ಟಾದರೆ ಪಕ್ಕದಲ್ಲಿ ಯಾವ ಕೈಯದ್ದೆಂದು ಬರೆದು, ಓದಿ ಹೇಳಿದವರು ಯಾರೆಂದು ಅವರಿಂದಲೇ ಸಹಿ ಹಾಕಿಸಿ.